ಬಣ್ಣದ ಸ್ವೆಟರನ್ನು ಸೀಳಿ ಕಾರ್ಡಿಗನ್ ಮಾಡುವ ಮುನ್ನ

ಕೈಯಲ್ಲಿ ಹೆಣೆದ ಬಣ್ಣದ ವಿನ್ಯಾಸದ ಸ್ವೆಟರನ್ನು ಮುಂಭಾಗದಲ್ಲಿ ಸೀಳಿ ಕಾರ್ಡಿಗನ್ (ಮುಂದೆ ಗುಂಡಿ ಹಾಕುವ ಸ್ವೆಟರ್) ಮಾಡಿಕೊಳ್ಳುವವರು, ಮೊದಲು ಅದನ್ನು ಒಗೆದು ಒಣಗಿಸಿ, ನಟ್ಟನಡುವಿನ ಕುಣಿಕೆಗಳ ಉದ್ದಸಾಲಿನ ಮೇಲೆ ಎದ್ದು ಕಾಣುವ ದಾರದಿಂದ ಕಚ್ಚಾ ಹೊಲಿಗೆ ಹಾಕಿ, ಅದರ ಎರಡೂ ಬದಿಗೆ ಯಂತ್ರದಲ್ಲಿ ಸಣ್ಣ ಹೊಲಿಗೆಯನ್ನು ಎರಡೆರಡು ಬಾರಿ ಓಡಿಸಿದ ಮೇಲೆಯೇ ಕತ್ತರಿ ಹಿಡಿಯಬೇಕು. ಕುಣಿಕೆಗಳು ಉದ್ದಕ್ಕೆ ಸರಸರನೆ ಬಿಚ್ಚಿಕೊಳ್ಳುತ್ತವೆಯೇ ಹೊರತು ಅಡ್ಡಕ್ಕೆ ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಉದ್ದಕ್ಕೆ ಕತ್ತರಿಸಿದ ಅಂಚು ಬೇಗ ಬಿಚ್ಚಿಹೋಗದು. ಮೇಲಾಗಿ ಒರಟು ಉಣ್ಣೆಯ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಹೆಣಿಗೆಯಲ್ಲಿ ಹೀಗೆ ಕತ್ತರಿಸುವ ಕ್ರಮ ಹಿಂದಿನಿಂದಲೂ ರೂಢಿಯಲ್ಲಿರುವುದು ಇದೇ ಬಲದಿಂದ. ಒಳಗೆ ಒಂದು ರಟ್ಟಿನ ಹಾಳೆ ಇಟ್ಟುಕೊಂಡರೆ ಬೆನ್ನಿನ ಭಾಗಕ್ಕೆ ಕತ್ತರಿ ತಾಗುವ ಭಯವಿಲ್ಲ (ಈ ಭಯ ಉತ್ಪ್ರೇಕ್ಷೆಯಲ್ಲ). ಹತ್ತಿ, ರೇಷ್ಮೆ, ಅಥವಾ ಯಂತ್ರದಲ್ಲಿ ಒಗೆಯಲು ತಕ್ಕಂತೆ ನುಣುಪುಗೊಳಿಸಿದ ಉಣ್ಣೆಯಾದರೆ ಎಳೆಗಳು ಹೊಲಿಗೆಯಿಂದಲೂ ಜಾರಿಹೋಗಬಹುದು. ಅಂಥದ್ದನ್ನು ಕತ್ತರಿಸದಿರುವುದೇ ಲೇಸು. ಕತ್ತರಿಸುವುದಕ್ಕೆಂದೇ ನಡುವೆ ಐದಾರು ಹೆಚ್ಚುವರಿ ಕುಣಿಕೆಗಳನ್ನು ಹೆಣೆದಿರದಿದ್ದರೆ, ಅಂಚು ಒಳಮಡಿಸುವಾಗ ವಿನ್ಯಾಸದ ಸ್ವಲ್ಪ ಭಾಗ ಮರೆಯಾಗುತ್ತದೆ, ಆದರೆ ಗುಂಡಿಪಟ್ಟಿಯನ್ನು ತುಸು ಅಗಲವಾಗಿ ಹೆಣೆದರೆ ಸುತ್ತಳತೆ ಕಡಿಮೆಯಾಗುವುದಿಲ್ಲ.