ಕ್ಲೌಡ್‌ಗೆ ಹೋಗುವ ಮುನ್ನ ವಾಪಸ್ ಬರುವ ದಾರಿ ನೋಡಿ

ಸಣ್ಣ ವ್ಯಾಪಾರ ನಡೆಸುವವರು ಕ್ಲೌಡ್ ವಿಷಯದಲ್ಲಿ ಎಡವುವುದನ್ನು ತುಂಬ ನೋಡಿದ್ದೇನೆ. ಯಾರೋ ಹೇಳಿದರು ಅಂತ ಶನಿವಾರ, ಭಾನುವಾರ ಕೂತು ಎಲ್ಲವನ್ನೂ ಒಟ್ಟಿಗೆ ಸಾಗಿಸುತ್ತಾರೆ. ಸೋಮವಾರ ಬೆಳಿಗ್ಗೆ ಬಿಲ್ ಹಾಕಲು ಆಗುವುದಿಲ್ಲ. ಕ್ಲೌಡ್ ಎಂದರೆ ಬೇರೆಯವರ ಡೇಟಾ ಸೆಂಟರ್‌ನಲ್ಲಿರುವ ಕಂಪ್ಯೂಟರನ್ನು ಇಂಟರ್‌ನೆಟ್ ಮೂಲಕ ಬಾಡಿಗೆಗೆ ಬಳಸುವುದು, ಅಷ್ಟೇ. ಬಾಡಿಗೆ ಎಂದಮೇಲೆ ಕರಾರು ಓದಬೇಕು ಅಲ್ವಾ?

ಮೊದಲ ಹೆಜ್ಜೆ: ಯಾವ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಬಳಸುತ್ತೀರಿ, ಅದನ್ನು ಯಾರು ಬಳಸುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಇಮೇಲ್ ಇನ್ನೂ ನಿಮ್ಮದೇ ಸರ್ವರ್‌ನಲ್ಲಿದ್ದರೆ (ಆಫೀಸಿನ ಎಲ್ಲರೂ ಹಂಚಿಕೊಂಡು ಬಳಸುವ ಮುಖ್ಯ ಕಂಪ್ಯೂಟರ್) ಹೆಚ್ಚು ಯೋಚಿಸಬೇಡಿ, ಕ್ಲೌಡ್‌ಗೆ ಹಾಕಿ. ಸ್ಪ್ಯಾಮ್ ತಡೆಯುವ ಕೆಲಸವೊಂದೇ ಸಾಕು, ಸಣ್ಣ ಆಫೀಸಿಗೆ ಹೊರೆಯಾಗುತ್ತದೆ. ಲೆಕ್ಕಪತ್ರ, ಸ್ಟಾಕ್, ಬಿಲ್ಲಿಂಗ್ ಇವುಗಳ ಬಗ್ಗೆ ಮಾತ್ರ ಮುಂದಿನ ಹೆಜ್ಜೆಗಳು ಮುಗಿಯುವವರೆಗೆ ತೀರ್ಮಾನ ಬೇಡ.

ಎರಡನೆಯದು ಇಂಟರ್‌ನೆಟ್. ಎಲ್ಲರೂ ಡೌನ್‌ಲೋಡ್ ವೇಗ ನೋಡುತ್ತಾರೆ. ನೀವು ಅಪ್‌ಲೋಡ್ ವೇಗ ನೋಡಿ, ಅದೂ ಕೆಲಸ ಜೋರಾಗಿರುವ ಹೊತ್ತಿನಲ್ಲಿ. 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಅಪ್‌ಲೋಡ್ ಇದ್ದರೆ 1 ಟೆರಾಬೈಟ್, ಅಂದರೆ ಸಾವಿರ ಜಿಬಿ ಡೇಟಾ ಮೇಲೆ ಹೋಗಲು ಒಂಬತ್ತು ದಿನಕ್ಕಿಂತ ಜಾಸ್ತಿ ಬೇಕು, ಅದೂ ಹಗಲು ರಾತ್ರಿ ನಿಲ್ಲದೆ ಓಡಿದರೆ. ದಿನದ ಬಿಲ್ಲಿಂಗ್ ಕ್ಲೌಡ್‌ನಲ್ಲಿ ಇಡುವುದಾದರೆ ಬೇರೆ ಕಂಪನಿಯ ಎರಡನೇ ಕನೆಕ್ಷನ್ ಇರಲೇಬೇಕು. ಅದರ ಖರ್ಚನ್ನೂ ಕ್ಲೌಡ್‌ನ ಲೆಕ್ಕಕ್ಕೇ ಸೇರಿಸಿ.

ಮೂರನೆಯದು ಖರ್ಚು. ತಿಂಗಳ ದರ ನೋಡಿ ಅಗ್ಗ ಎನ್ನಬೇಡಿ, ಐದು ವರ್ಷದ ಲೆಕ್ಕ ಹಾಕಿ. ಸ್ವಂತ ಸರ್ವರ್‌ನ ಕಡೆ ಕರೆಂಟು, ಯುಪಿಎಸ್ ಬ್ಯಾಟರಿ, ಹಾರ್ಡ್ ಡಿಸ್ಕ್, ರಿಪೇರಿಯವರ ಸಂಬಳ ಎಲ್ಲ ಬರಲಿ. ಕ್ಲೌಡ್‌ನ ಕಡೆ ಪ್ರತಿ ಬಳಕೆದಾರರ ಶುಲ್ಕ, ವರ್ಷವರ್ಷ ಬೆಳೆಯುವ ಡೇಟಾ, ಡೇಟಾ ಹೊರತೆಗೆಯುವ ಶುಲ್ಕ ಬರಲಿ. ಒಳಗೆ ಹಾಕುವುದು ಸಾಮಾನ್ಯವಾಗಿ ಉಚಿತ, ಹೊರಗೆ ತರುವುದಕ್ಕೆ ದುಡ್ಡು. ಸಿದ್ಧ ಸಾಫ್ಟ್‌ವೇರ್ ಬದಲು ಬರೀ ಸರ್ವರನ್ನೇ ಬಾಡಿಗೆಗೆ ತೆಗೆದುಕೊಂಡರೆ ಯಾರೂ ಬಳಸದ ರಾತ್ರಿಯಲ್ಲೂ ಮೀಟರ್ ಓಡುತ್ತಿರುತ್ತದೆ. ಬಿಲ್ ಇಷ್ಟು ದಾಟಿದರೆ ತಿಳಿಸು ಎಂದು ಅಲರ್ಟ್ ಇಡಿ. ಆದರೆ ಬಹುತೇಕ ಕಡೆ ಅಲರ್ಟ್ ಬರೀ ಮೆಸೇಜ್ ಕಳಿಸುತ್ತದೆ, ಖರ್ಚು ನಿಲ್ಲಿಸುವುದಿಲ್ಲ. ಸರ್ವರ್ ನೋಡಿಕೊಳ್ಳುವವರು ಇಲ್ಲದ ಆಫೀಸು ಬಾಡಿಗೆ ಸರ್ವರ್ ತಂಟೆಗೇ ಹೋಗಬಾರದು, ಸಿದ್ಧ ಸಾಫ್ಟ್‌ವೇರ್‌ಗೆ ಚಂದಾ ಕಟ್ಟುವುದೇ ಸರಿ.

ಇನ್ನು ನಾಲ್ಕನೆಯದು, ಹೆಚ್ಚಿನವರು ಬೀಳುವ ಜಾಗ. ಡೇಟಾ ವಾಪಸ್ ಹೇಗೆ ಬರುತ್ತದೆ?

ದುಡ್ಡು ಕಟ್ಟುವ ಮೊದಲು ಟ್ರಯಲ್ ಖಾತೆ ತೆರೆಯಿರಿ. ನಿಮ್ಮ ನಿಜವಾದ ಒಂದು ತಿಂಗಳ ಲೆಕ್ಕ ಅದರಲ್ಲಿ ಹಾಕಿ. ಆಮೇಲೆ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ, ಅಂದರೆ ಫೈಲ್ ಆಗಿ ಹೊರತೆಗೆದು, ಆ ಫೈಲನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಗ್ರಾಹಕರ ಹೆಸರು ಬಂತಾ? ಹಳೆಯ ಬಾಕಿ ಬಂತಾ? ಬಿಲ್‌ಗೆ ಅಂಟಿಸಿದ ರಸೀದಿಗಳು ಬಂದವಾ? ಬರೀ ಪಿಡಿಎಫ್ ಕೊಡುವ ಸಾಫ್ಟ್‌ವೇರನ್ನು ಅಲ್ಲೇ ಬಿಟ್ಟುಬಿಡಿ. ಅದರಿಂದ ಓದಬಹುದು, ಲೆಕ್ಕ ಮುಂದುವರಿಸಲು ಆಗುವುದಿಲ್ಲ. ಚಂದಾ ನಿಲ್ಲಿಸಿದ ಮೇಲೆ ಡೇಟಾ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಬರವಣಿಗೆಯಲ್ಲೇ ಕೇಳಿ.

ಕ್ಲೌಡ್‌ನಲ್ಲಿದೆ ಎಂದರೆ ಬ್ಯಾಕಪ್ ಇದೆ ಎಂದಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಡದಿದ್ದ ಗ್ರಾಹಕರ ಡೇಟಾ ವಾಪಸ್ ಬರಲಿಲ್ಲ. ಇನ್ನು ಡ್ರೈವ್ ಫೋಲ್ಡರ್ ಸಿಂಕ್ ಆಗುತ್ತಿದೆ, ಅದೇ ಬ್ಯಾಕಪ್ ಎಂದು ನಂಬುವವರಿದ್ದಾರೆ. ಸಿಂಕ್ ಎಂದರೆ ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಫೈಲ್ ಕಸದಬುಟ್ಟಿಯಲ್ಲಿರುವುದು 30 ದಿನ ಮಾತ್ರ. ವರ್ಷದ ಕೊನೆಯಲ್ಲಿ ಹುಡುಕಿದರೆ ಏನು ಸಿಕ್ಕೀತು? ವಾರಕ್ಕೊಮ್ಮೆ ಎಕ್ಸ್‌ಪೋರ್ಟ್ ತೆಗೆದು ಹಾರ್ಡ್ ಡಿಸ್ಕ್‌ಗೆ ಹಾಕಿ, ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಡಿ.

99.9 ಶೇಕಡಾ ಸೇವೆ ಖಾತರಿ ಎಂದು ಜಾಹೀರಾತಿನಲ್ಲಿ ಇರುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ನಿಂತರೂ ಅವರ ಮಾತು ಉಳಿದಂತೆಯೇ. ಅದಕ್ಕಿಂತ ಜಾಸ್ತಿ ನಿಂತರೆ ಸಿಗುವುದು ಸಾಮಾನ್ಯವಾಗಿ ಬಿಲ್‌ನಲ್ಲಿ ಒಂದಿಷ್ಟು ಕಡಿತ. ನಿಮ್ಮ ವ್ಯಾಪಾರದ ನಷ್ಟ ತುಂಬಿಕೊಡುವುದಿಲ್ಲ.

ಐದನೆಯದು ಚಿಕ್ಕದು, ಆದರೆ ಬಿಡಬೇಡಿ. ಮುಖ್ಯ ಖಾತೆ ಮಾಲೀಕರ ಇಮೇಲ್‌ನಲ್ಲೇ ಇರಲಿ. ಸಾಫ್ಟ್‌ವೇರ್ ಹಾಕಿಕೊಟ್ಟವರ ಇಮೇಲ್‌ನಲ್ಲಿ ಬೇಡ. ಅವರು ಕೆಲಸ ಬಿಟ್ಟರೆ ನಿಮ್ಮ ಡೇಟಾಗೆ ನೀವೇ ಹೊರಗಿನವರು. ಎರಡು ಹಂತದ ಲಾಗಿನ್ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡಿ.

ಸರ್ವರ್ ಹಳೆಯದಾಗಿ ಬದಲಿಸುವ ಹೊತ್ತು ಬಂದಿದ್ದರೆ, ಬೇರೆ ಬೇರೆ ಊರಿನಿಂದ ಕೆಲಸ ಮಾಡುವವರಿದ್ದರೆ ಹೋಗಿ. ಹೊಸ ಸರ್ವರ್ ಕಳೆದ ವರ್ಷವಷ್ಟೇ ಕೊಂಡಿದ್ದು ಎಲ್ಲರೂ ಒಂದೇ ಕೋಣೆಯಲ್ಲಿದ್ದರೆ ಸದ್ಯಕ್ಕೆ ಬ್ಯಾಕಪ್ ಮಾತ್ರ ಕ್ಲೌಡ್‌ನಲ್ಲಿ ಇಡಿ, ಸಾಕು. ಹೋಗುವುದೇ ಆದರೆ ಒಂದೊಂದೇ ಕೆಲಸ ಸಾಗಿಸಿ. ಹೊಸದರಲ್ಲಿ ವರ್ಷದ ಲೆಕ್ಕ ಒಮ್ಮೆ ಸರಿಯಾಗಿ ಮುಗಿಯುವವರೆಗೆ ಹಳೆಯ ಸರ್ವರನ್ನು ಮಾರಬೇಡಿ.