ಎರಡು ‘ಜೋಗ’ ಫೋಲ್ಡರ್

ಅಪ್ಪ ತೆಗೆದ ಫೋಟೋಗಳು ಮೂರು ಕಡೆ ಚೆಲ್ಲಾಪಿಲ್ಲಿಯಾಗಿದ್ದವು. ಒಂದಷ್ಟು ಹಳೆಯ ಮ್ಯಾಕ್‌ನಲ್ಲಿ, ಒಂದಷ್ಟು ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ, ಉಳಿದವು ಪೆನ್‌ಡ್ರೈವ್‌ಗಳಲ್ಲಿ. ಎಲ್ಲವನ್ನೂ ಲಿನಕ್ಸ್‌ಗೆ ತಂದು ಹಾಕಿಕೊಂಡೆ. ಯಾವ ಫೋಲ್ಡರ್‌ನಲ್ಲಿ ಎಷ್ಟು ಫೋಟೋ ಇದೆ ಅಂತ ಪಟ್ಟಿ ಮಾಡೋಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಬರೆಯಲು ಕೂತೆ.

ಮೊದಲು ಬಳಸಿದ್ದು ‘ಓಎಸ್.ಲಿಸ್ಟ್‌ಡಿರ್’, ಒಂದು ಫೋಲ್ಡರ್‌ನಲ್ಲಿ ಏನೇನಿದೆ ಅಂತ ಹೇಳುವ ಪೈಥಾನ್ ಆಜ್ಞೆ. ಲೆಕ್ಕ ಸೊನ್ನೆ ಬಂತು! ಲಿಸ್ಟ್‌ಡಿರ್ ಕೊಡುವುದು ಬರೀ ಹೆಸರು, ಪೂರ್ತಿ ಪಾತ್ (ಫೈಲ್ ಎಲ್ಲಿದೆ ಅನ್ನುವ ವಿಳಾಸ) ಅಲ್ಲ. ಆ ಹೆಸರನ್ನೇ ಹಿಡಿದು ‘ಇದು ಫೈಲಾ?’ ಅಂತ ಕೇಳಿದರೆ, ಸ್ಕ್ರಿಪ್ಟ್ ಓಡುತ್ತಿರುವ ಫೋಲ್ಡರ್‌ನಲ್ಲಿ ಹುಡುಕಿ ‘ಅಲ್ಲ’ ಅನ್ನುತ್ತದೆ. ಫೋಲ್ಡರ್‌ನ ಪಾತ್ ಜೋಡಿಸಿದ ಮೇಲೆ ಲೆಕ್ಕ ಬಂತು. ಹೆಸರುಗಳು ಇಂಥದ್ದೇ ಕ್ರಮದಲ್ಲಿ ಬರುತ್ತವೆ ಅನ್ನುವ ಭರವಸೆಯೂ ಇಲ್ಲ. ಅದಕ್ಕೇ ಪ್ರತಿ ಸಲ ‘ಸಾರ್ಟೆಡ್’ ಹಾಕಿ ಕ್ರಮವಾಗಿ ಜೋಡಿಸುತ್ತೇನೆ.

ಒಳಗಿನ ಫೋಲ್ಡರ್‌ಗಳಿಗೂ ಇಳಿಯಬೇಕಿತ್ತಲ್ವಾ, ‘ಓಎಸ್.ವಾಕ್’ ಹಿಡಿದೆ. ಅದು ಪ್ರತಿ ಫೋಲ್ಡರ್‌ಗೂ ಮೂರು ಸಂಗತಿ ಕೊಡುತ್ತದೆ: ಅದರ ಪಾತ್, ಒಳಗಿನ ಫೋಲ್ಡರ್‌ಗಳ ಪಟ್ಟಿ, ಫೈಲ್‌ಗಳ ಪಟ್ಟಿ. ಫೋಟೋಗಳ ಪುಟ್ಟ ಪ್ರತಿಗಳಿರುವ ಥಂಬ್‌ನೇಲ್ ಫೋಲ್ಡರ್‌ಗಳು ನನಗೆ ಬೇಡವಾಗಿದ್ದವು. ಎರಡನೇ ಪಟ್ಟಿಯಿಂದ ಅವನ್ನು ತೆಗೆದರೆ ವಾಕ್ ಅತ್ತ ಹೋಗುವುದೇ ಇಲ್ಲ. ಆದರೆ ಅದೇ ಪಟ್ಟಿಯನ್ನು ತಿದ್ದಬೇಕು, ಹೊಸ ಪಟ್ಟಿ ಮಾಡಿಕೊಂಡರೆ ಏನೂ ಆಗುವುದಿಲ್ಲ. ಕ್ಯಾಮೆರಾ ಫೈಲ್‌ಗಳ ಕೊನೆಯಲ್ಲಿ ‘ಜೆಪಿಜಿ’ ದೊಡ್ಡಕ್ಷರದಲ್ಲಿತ್ತು, ಫೋನಿನವುಗಳಲ್ಲಿ ಸಣ್ಣಕ್ಷರದಲ್ಲಿ. ಎಲ್ಲವನ್ನೂ ಸಣ್ಣಕ್ಷರಕ್ಕೆ ತಂದು ಹೋಲಿಸಿದೆ.

ನಿಜವಾದ ತಲೆನೋವು ಶುರುವಾಗಿದ್ದು ಪಟ್ಟಿ ಬಂದ ಮೇಲೆ. ‘ಜೋಗ’ ಅನ್ನುವ ಫೋಲ್ಡರ್ ಎರಡು ಸಲ ಇತ್ತು. ಒಂದೇ ಜಾಗದಲ್ಲಿ, ಒಂದೇ ಹೆಸರು! ಹಾಗೆ ಇರೋಕೆ ಸಾಧ್ಯವೇ ಇಲ್ಲ ಅಲ್ವಾ? ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣಲಿಲ್ಲ. ಸುಮ್ನೆ ಎರಡೂ ಹೆಸರುಗಳ ಉದ್ದ, ಅಂದರೆ ಎಷ್ಟೆಷ್ಟು ಸಂಕೇತಗಳಿವೆ ಅಂತ, ನೋಡಿದೆ. ಒಂದು 3, ಇನ್ನೊಂದು 5.

ನಾನು ಲಿನಕ್ಸ್‌ನಲ್ಲಿ ಟೈಪ್ ಮಾಡಿದ ‘ಜೋಗ’ದಲ್ಲಿ ಓತ್ವ (ೋ) ಒಂದೇ ಯುನಿಕೋಡ್ ಸಂಕೇತ (ಅಕ್ಷರ, ಗುಣಿತದ ಗುರುತುಗಳಿಗೆ ಕಂಪ್ಯೂಟರ್‌ನಲ್ಲಿರುವ ಸಂಖ್ಯೆ). ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ಹೆಸರುಗಳನ್ನು ಬಿಡಿಸಿ ಇಡುತ್ತದೆ. ಅಲ್ಲಿ ಓತ್ವ ಅಂದರೆ ಎತ್ವ, ಊಕಾರದ ಕೊಂಬು, ದೀರ್ಘ, ಹೀಗೆ ಮೂರು. ನಾವು ಕೈಯಲ್ಲಿ ಬರೆಯುವುದೂ ಹಾಗೇ! ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ‘ಗೃಹಪ್ರವೇಶ’ ಕೂಡ ಎರಡಿತ್ತು, ‘ವೇ’ಯ ದೀರ್ಘದಿಂದಾಗಿ. ‘ಜಾತ್ರೆ’ ಮಾತ್ರ ಒಂದೇ, ಅದರಲ್ಲಿ ಬಿಡಿಸುವಂಥದ್ದು ಏನೂ ಇಲ್ಲ. ಕನ್ನಡದಲ್ಲಿ ಹೆಸರಿಡುವವರೆಲ್ಲ ಇದನ್ನು ತಿಳಿದಿರಬೇಕು ಅಂತ ನನಗೆ ಬಹಳ ಅನಿಸುತ್ತದೆ. ಪೈಥಾನ್‌ನ ‘ಯುನಿಕೋಡ್‌ಡೇಟಾ’ದಲ್ಲಿರುವ ‘ನಾರ್ಮಲೈಸ್’ಗೆ ‘ಎನ್‌ಎಫ್‌ಸಿ’ (ಕೂಡಿಸಿದ ರೂಪ) ಅಂತ ಹೇಳಿದರೆ ಬಿಡಿಸಿದ್ದು ಮತ್ತೆ ಕೂಡಿಕೊಳ್ಳುತ್ತದೆ.

ಮೊದಲ ಸಲ ಸ್ಕ್ರಿಪ್ಟ್ ಓಡಿಸುವಾಗಲೇ ಹೆಸರು ಬದಲಿಸುವ ಧೈರ್ಯ ಮಾಡಲಿಲ್ಲ. ಮೊದಲು ಹಳೆ ಹೆಸರು, ಹೊಸ ಹೆಸರು ಎರಡನ್ನೂ ಪ್ರಿಂಟ್ ಮಾಡಿ ಅಪ್ಪನ ಜೊತೆ ಕೂತು ನೋಡಿದೆ. ಆಮೇಲೆ ವಾಕ್‌ನಲ್ಲಿ ‘ಟಾಪ್‌ಡೌನ್’ ಫಾಲ್ಸ್ ಮಾಡಿ, ಒಳಗಿನ ಫೋಲ್ಡರ್‌ನಿಂದ ಹೆಸರು ಬದಲಿಸುತ್ತಾ ಹೊರಕ್ಕೆ ಬಂದೆ. ಹೊರಗಿನದರ ಹೆಸರು ಮೊದಲೇ ಬದಲಾದರೆ ಒಳಗಿನವುಗಳ ಪಾತ್ ತಪ್ಪಿಹೋಗುತ್ತದೆ. ಎರಡು ಜೋಗ ಕೂಡಿಸುವಾಗ ಒಂದೇ ಹೆಸರಿನ ಮೂರು ಫೈಲ್ ಸಿಕ್ಕವು, ಆದರೆ ಫೋಟೋ ಬೇರೆ ಬೇರೆ. ಅವಕ್ಕೆ ಕೊನೆಯಲ್ಲಿ ‘2’ ಸೇರಿಸಿ ಉಳಿಸಿಕೊಂಡೆ. ಅದರಲ್ಲೊಂದು, ಮಳೆಯಲ್ಲಿ ಅಮ್ಮ ಕೊಡೆ ಹಿಡಿದು ನಿಂತಿದ್ದ ಫೋಟೋ.