ಶುಗರ್ ನರದ ತೊಂದ್ರೆ ಜೊತೆಗೆ ತಲೆ ಸುತ್ತು, ನಾನು ಸಂಭಾಳಿಸ್ತಿರೋ ರೀತಿ

ಶುಗರ್‌ನಿಂದ ಕಾಲಿನ ನರ ಹೋಗಿ ಬಹಳ ವರ್ಷ ಆತು. ಪಾದ ಜೋಮು ಹಿಡಿದಂಗೆ ಇರ್ತೈತೆ, ರಾತ್ರಿ ಉರಿ, ಚಪ್ಪಲಿ ಕಾಲಿಂದ ಜಾರಿ ಹೋದ್ರೂ ಗೊತ್ತಾಗಲ್ಲ. ಇದ್ರ ಮೇಲೆ ತಲೆ ಸುತ್ತೂ ಶುರುವಾದಾಗ ಮನೆಯವ್ರೆಲ್ಲ ಪಿತ್ತ ಇರ್ಬೇಕು, ನಿಂಬೆಹಣ್ಣಿನ ಶರಬತ್ತು ಕುಡೀರಿ ಅಂದ್ರು (ಶುಗರ್ ಇರೋನಿಗೆ ಶರಬತ್ತಂತೆ!). ನಾನು ಮಾಡಿದ್ದು ಇಷ್ಟೆ, ಸುತ್ತು ಬಂದಾಗೆಲ್ಲ ಆಗ ಏನ್ ಮಾಡ್ತಿದ್ದೆ, ಎಷ್ಟೊತ್ತು ಇತ್ತು, ಮಾತ್ರೆ ತಗೊಂಡು ಎಷ್ಟೊತ್ತಾಗಿತ್ತು ಅಂತ ಅಂಗಡಿ ಲೆಕ್ಕದ ಬುಕ್ಕಿನ ಹಿಂದುಗಡೆ ಬರ್ಕೊಂಡೆ. ಬರೀತಾ ಹೋದಂಗೆ ಬೇರೆ ಬೇರೆ ಸುತ್ತುಗಳು ಒಟ್ಟಿಗೆ ಸೇರ್ಕೊಂಡಿರೋದು ಕಾಣ್ತು.

ಹಾಸಿಗೇಲಿ ಬಲಕ್ಕೆ ಹೊರಳಿದ್ರೆ ಇಡೀ ರೂಮೇ ಗಿರ್ರಂತ ತಿರುಗಿ ಒಂದು ನಿಮಿಷದೊಳಗೆ ನಿಲ್ಲೋದು ಕಿವಿಯದ್ದು. ಒಳಗಿವಿಯಲ್ಲಿ ಸಣ್ಣ ಸುಣ್ಣದ ಹರಳು ಇರ್ತಾವಂತೆ, ಅವು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಹೋದ್ರೆ ಹಿಂಗಾಗೋದು. ಇಎನ್‌ಟಿ ಡಾಕ್ಟ್ರು ತಲೆ ತಿರುಗಿಸಿ ಸರ್ರನೆ ಮಲಗಿಸಿ ಕಣ್ಣುಗುಡ್ಡೆ ಅದುರೋದು ನೋಡಿದ್ರು, ಆಮೇಲೆ ಹರಳನ್ನ ವಾಪಸ್ ಜಾಗಕ್ಕೆ ತರೋ ಎಪ್ಲಿ ಅನ್ನೋ ಕಸರತ್ತು ಮಾಡಿಸಿದ್ರು. ತೊಂದ್ರೆ ಇರೋ ಕಡೆಗೆ ತಲೆ 45 ಡಿಗ್ರಿ ತಿರುಗಿಸಿ ಹಿಂದಕ್ಕೆ ಮಲಗೋದು, ತಲೆ ಸ್ವಲ್ಪ ಕೆಳಗೆ ಇಳಿಬೇಕು, ಸುತ್ತು ನಿಂತ್ಮೇಲೆ ತಲೆ ಇನ್ನೊಂದು ಕಡೆಗೆ ತಿರುಗಿಸೋದು, ಆಮೇಲೆ ಅದೇ ಮಗ್ಗುಲಿಗೆ ಹೊರಳಿ ನೆಲ ನೋಡೋದು, ಕೊನೆಗೆ ನಿಧಾನ ಎದ್ದು ಕೂರೋದು. ಈಗ ಬಂದ್ರೆ ನಾನೇ ಮಾಡ್ಕೋತೀನಿ, ಆದ್ರೆ ಕುತ್ತಿಗೆ ನೋವು ಇಲ್ಲಾ ಕಣ್ಣಿನ ರೆಟಿನಾ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳ್ದೆ ಮಾಡ್ಬೇಡ್ರಿ.

ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಬರೋದೇ ಬೇರೆ. ಮಲಗಿದ್ದಾಗ ಒಂದ್ಸಲ, ನಿಂತು ಮೂರು ನಿಮಿಷದೊಳಗೆ ಇನ್ನೊಂದ್ಸಲ ಬಿಪಿ ನೋಡ್ಬೇಕು, ಮೇಲಿನದು 20 ಇಳಿದ್ರೆ ರಕ್ತನಾಳ ಬಿಗಿ ಹಿಡಿಯೋ ನರಾನೂ ಸೋತಿರಬಹುದು. ನಾನೀಗ ಹಾಸಿಗೆ ಅಂಚಿಗೆ ಕೂತು ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿದು ಆಮೇಲೇ ಏಳೋದು.

ಇನ್ನು ಮಾತ್ರೆದು. ಉರಿಗೆ ಕೊಟ್ಟ ಪ್ರೀಗ್ಯಾಬಲಿನ್ ಡೋಸ್ ಜಾಸ್ತಿ ಆದಾಗಿಂದ ಕುಡಿದೋರ ಥರ ತೂರಾಡ್ತಿದ್ದೆ, ಬುಕ್ ತೋರಿಸಿದ ಮೇಲೆ ಡಾಕ್ಟ್ರು ಡೋಸ್ ಇಳಿಸಿ ರಾತ್ರಿಗೆ ಹಾಕಿದ್ರು, ಅದನ್ನ ನಾವೇ ಧಡಕ್ಕಂತ ನಿಲ್ಲಿಸಂಗಿಲ್ಲ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡೋರು ಬಿ12 ಟೆಸ್ಟ್ ಮಾಡಿಸ್ಕೊಳ್ರಿ, ಅದು ಕಮ್ಮಿ ಆದ್ರೂ ನರ ಹಾಳಾಗ್ತಾವೆ. ಬೆವರಿ ನಡುಗಿ ಸುತ್ತಿದ್ರೆ ಮೊದ್ಲು ಗ್ಲುಕೋಮೀಟರ್, 70ಕ್ಕಿಂತ ಕಮ್ಮಿ ಇದ್ರೆ ಆಗ ಶರಬತ್ತೇ ಔಷಧಿ. ಮೆಡಿಕಲ್ ಶಾಪಲ್ಲಿ ಕೇಳಿ ತಲೆ ಸುತ್ತಿನ ಮಾತ್ರೆ ಸ್ಟೆಮೆಟಿಲ್ ತಿಂಗಳುಗಟ್ಟಲೆ ನುಂಗೋರನ್ನ ನೋಡಿದೀನಿ, ಅದು ನಾಕು ದಿನದ್ದು ಅಷ್ಟೆ, ಬಹಳ ದಿನ ತಗೊಂಡ್ರೆ ಮೆದುಳು ತಾನಾಗೇ ಹೊಂದ್ಕೊಳ್ಳೋದು ತಡ ಆಗ್ತೈತೆ.

ಮಾತು ತೊದಲೋದು, ಬಾಯಿ ಸೊಟ್ಟ ಆಗೋದು, ಒಂದು ಎರಡಾಗಿ ಕಾಣೋದು, ಕಿವಿ ದಿಢೀರ್ ಕೇಳಿಸದೇ ಇರೋದು, ಇಂಥದ್ದು ಜೊತೆಗಿದ್ರೆ ಬುಕ್ಕು ಗಿಕ್ಕು ಬಿಟ್ಟು ಸೀದಾ ಆಸ್ಪತ್ರೆ.

ಪೂರ್ತಿ ಹೋಗದೇ ಉಳಿದಿರೋದು ಪಾದದ ಸುತ್ತು. ನಿಲ್ಲೋಕೆ ಕಣ್ಣು, ಕಿವಿ, ಪಾದ ಮೂರೂ ಸುದ್ದಿ ಕೊಡ್ಬೇಕು, ನಂದು ಪಾದದ ಸುದ್ದಿ ಬರಲ್ಲ, ಹಂಗಾಗಿ ಕಣ್ಣು ಮುಚ್ಚಿದ್ರೆ ಮುಗೀತು. ಮುಖಕ್ಕೆ ಸೋಪು ಹಚ್ಚಿದಾಗ, ಕರೆಂಟ್ ಹೋದಾಗ ಓಲಾಡ್ತೀನಿ. ಸ್ನಾನ ಈಗ ಸ್ಟೂಲ್ ಮೇಲೆ ಕೂತೇ, ಬಚ್ಚಲಿಗೆ ಹೋಗೋ ದಾರೀಲಿ ರಾತ್ರಿಯೆಲ್ಲ ಸಣ್ಣ ಬಲ್ಬು. ಅಡಿಗೆ ಕಟ್ಟೆ ಹಿಡ್ಕೊಂಡು ಕಾಲು ಜೋಡಿಸಿ ನಿಲ್ಲೋದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಡೆಯೋದು, ಗೋಡೆ ಕ್ಯಾಲೆಂಡರ್ ತಾರೀಖಿನ ಮೇಲೆ ಕಣ್ಣಿಟ್ಟು ತಲೆ ಆಡಿಸೋದು ದಿನಾ ಮಾಡ್ತೀನಿ, ನಮ್ಮನೆಯಾಕೆಗೆ ಒಗ್ಗರಣೆ ಟೈಮಲ್ಲೇ ನಾನು ಅಡ್ಡ ಬರ್ತೀನಿ ಅಂತ ಸಿಟ್ಟು. ನಮ್ಮ ದಾವಣಗೆರೆಯ ಕುಂದವಾಡ ಕೆರೆಗೆ ವಾಕಿಂಗ್ ಚೆನ್ನಾಗಿ ಬೆಳಕಾದ ಮೇಲೇ, ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕ್ಕೊಂಡು. ದುಗ್ಗಮ್ಮನ ಗುಡೀಲಿ ಜನ ಕಮ್ಮಿ ಇರೋ ಹೊತ್ತಿಗೆ ಗೋಡೆ ಹಿಡಿದು ಪ್ರದಕ್ಷಿಣೆ.

ಹೋದ ರಜೆಗೆ ಮೊಮ್ಮಗ ಚಿತ್ರದುರ್ಗದ ಕೋಟೆ ಹತ್ತಾಣ ತಾತ ಅಂತ ಹಠ ಮಾಡ್ದ. ಹತ್ತೋದು ಅಷ್ಟು ಕಷ್ಟ ಆಗ್ಲಿಲ್ಲ, ಇಳಿಯೋವಾಗ ಸವೆದು ನುಣುಪಾದ ಕಲ್ಲಿನ ಮೇಲೆ ಒಂದು ಕೈಲಿ ಕೋಲು, ಇನ್ನೊಂದು ಕೈ ಅಳಿಯಂದ್ರ ಹೆಗಲ ಮೇಲೆ, ಪ್ರತಿ ಮೆಟ್ಲೂ ಕಣ್ಣಿಂದ ನೋಡ್ಕೊಂಡೇ ಇಳಿದೆ, ಒನಕೆ ಓಬವ್ವನ ಕಿಂಡಿಯೊಳಗೆ ಮಾತ್ರ ಅವರಿಬ್ರೇ ಹೋಗಿ ಬಂದ್ರು.